ಮೂರು ಸೆಕೆಂಡಿನ ಬಿಸಿ, ಹತ್ತಾರು ರಾಜಿ

ಒಂದು ದಮ್ಮು ಎಳೆಯಲು ಬೇಕಾಗುವುದು ಎರಡೋ ಮೂರೋ ಸೆಕೆಂಡು. ಬೀಡಿ, ಸಿಗರೇಟುಗಳ ತುದಿಯಲ್ಲಿ ಕೆಂಡ ಸದಾ ಸಿದ್ಧವಾಗಿರುತ್ತದೆ. ಇ-ಸಿಗರೇಟಿಗೆ ಆ ಸೌಲಭ್ಯವಿಲ್ಲ. ತಣ್ಣಗಿರುವ ತಂತಿ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೂರು ಡಿಗ್ರಿ ದಾಟಬೇಕು, ದ್ರವವನ್ನು ಆವಿಯಾಗಿಸಬೇಕು, ಆದರೆ ಸುಡಕೂಡದು. ದಮ್ಮು ಮುಗಿದೊಡನೆ ಆರಲೂ ಬೇಕು. ಇಷ್ಟಕ್ಕೂ ಶಕ್ತಿ ಬರಬೇಕಾದದ್ದು ಜೇಬಿನಲ್ಲಿ ಹಿಡಿಸುವ ಬ್ಯಾಟರಿಯಿಂದ.

ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾನೂನು ಬಂದು, ದೇಶಾದ್ಯಂತ ಅದರ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧವಾದವು. ಹಾಗಾಗಿ ನಮ್ಮಲ್ಲಿ ಚರ್ಚೆ ನಡೆಯುವುದು ಆರೋಗ್ಯ ಮತ್ತು ಕಾನೂನಿನ ಸುತ್ತಲೇ. ಆದರೆ ಆ ಪುಟ್ಟ ಕೊಳವೆಯಿಂದ ಎಷ್ಟು ಕೇಡು, ಯಾರಿಗೆ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ವಿನ್ಯಾಸಕಾರನ ಮೇಜಿನ ಮೇಲೆ. ಅಲ್ಲಿ ಒಂದು ತೊಂದರೆಯನ್ನು ನೀಗಿಸಿದರೆ ಅದು ಸಾಮಾನ್ಯವಾಗಿ ಮತ್ತೊಬ್ಬರ ಪಾಲಿಗೆ ಹೋಗಿ ಬೀಳುತ್ತದೆ.

ದ್ರವ ಮತ್ತು ಬತ್ತಿ

ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಹೊಗೆಯಿಲ್ಲದ ಸಿಗರೇಟಿಗೆ 1965ರಲ್ಲೇ ಪೇಟೆಂಟ್ ಪಡೆದಿದ್ದರೂ ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಇಂದಿನ ರೂಪಕ್ಕೆ ಕಾರಣನಾದವನು ಚೀನಾದ ಔಷಧ ತಜ್ಞ ಹಾನ್ ಲಿಕ್. ಈ ಶತಮಾನದ ಆರಂಭದಲ್ಲಿ ಆತ ದ್ರವವನ್ನು ತುಂತುರಾಗಿಸಲು ಶ್ರವಣಾತೀತ ಕಂಪನವನ್ನು ಬಳಸಿದ. ಮುಂದೆ ಗೆದ್ದದ್ದು ಮಾತ್ರ ಬಿಸಿಯಾಗುವ ತಂತಿ: ಅಗ್ಗ, ಸರಳ.

ತಂತಿ ಕುದಿಸಬೇಕಾದ ದ್ರವದಲ್ಲಿ ಮುಖ್ಯವಾಗಿ ಎರಡು ಪದಾರ್ಥಗಳಿವೆ. ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ 290ರಲ್ಲಿ. ದಟ್ಟ ಆವಿ ಬೇಕೆಂದರೆ ಗ್ಲಿಸರಿನ್ ಹೆಚ್ಚಿಸಬೇಕು. ಆದರೆ ಅದು ಮಂದ ದ್ರವ. ದ್ರವವನ್ನು ತಂತಿಗೆ ಮುಟ್ಟಿಸುವ ಬತ್ತಿಯೊಳಗೆ ನಿಧಾನವಾಗಿ ಏರುತ್ತದೆ, ಹೆಚ್ಚು ಶಾಖ ಬೇಡುತ್ತದೆ. ಅದಕ್ಕಾಗಿ ಶಕ್ತಿ ಏರಿಸಿದರೆ ಬತ್ತಿ ಪೂರೈಸುವುದಕ್ಕಿಂತ ಬೇಗ ದ್ರವ ಆವಿಯಾಗಿಬಿಡುತ್ತದೆ. ಆಮೇಲೆ ನಡೆಯುವುದು ಎಣ್ಣೆ ತೀರಿದ ದೀಪದ ಕಥೆಯೇ: ಬತ್ತಿ ಕರಕಾಗುತ್ತದೆ. ಅಲ್ಲಿ ಉಳಿದ ಗ್ಲಿಸರಿನ್ ಒಡೆದು ಅಕ್ರೋಲಿನ್, ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹುಟ್ಟುತ್ತವೆ.

ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ ಪತ್ರ ದೊಡ್ಡ ಜಗಳವನ್ನೇ ಎಬ್ಬಿಸಿತು. 3.3 ವೋಲ್ಟ್‌ನಲ್ಲಿ ಕಾಣಿಸದ ಫಾರ್ಮಾಲ್ಡಿಹೈಡ್ ಸಂಯುಕ್ತಗಳು 5 ವೋಲ್ಟ್‌ಗೆ ಏರಿಸಿದಾಗ ಸಿಕ್ಕವು. ಅಷ್ಟು ಕರಕಲು ರುಚಿಯ ದಮ್ಮನ್ನು ಯಾರೂ ಎಳೆಯಲಾರರು ಎಂದು ಟೀಕಾಕಾರರು ಆಕ್ಷೇಪಿಸಿದರು. ಆದರೆ ವೋಲ್ಟೇಜ್ ಬದಲಾದರೆ ಆವಿಯ ರಸಾಯನವೂ ಬದಲಾಗುತ್ತದೆ ಎಂಬುದರಲ್ಲಿ ಎರಡು ಮಾತಿರಲಿಲ್ಲ.

ಓಮ್‌ನ ನಿಯಮ ಕಟ್ಟುವ ಕಟ್ಟು

ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಶಕ್ತಿ ಎಷ್ಟೆಂದು ತಿಳಿಯುತ್ತದೆ. ಪೂರ್ತಿ ಚಾರ್ಜ್ ಆದ ಲಿಥಿಯಂ-ಅಯಾನ್ ಸೆಲ್‌ನಲ್ಲಿ 4.2 ವೋಲ್ಟ್ ಇರುತ್ತದೆ. ಖಾಲಿಯಾಗುತ್ತ ಬಂದಾಗ 3.2ರ ಆಸುಪಾಸು. ತಂತಿಯ ಸುರುಳಿಗೆ, ಅಂದರೆ ಒಂದು ಓಮ್ ರೋಧದ ಕಾಯಿಲ್‌ಗೆ ನೇರವಾಗಿ ಜೋಡಿಸಿದರೆ ಮೊದಲ ದಮ್ಮಿಗೆ ಸುಮಾರು 18 ವ್ಯಾಟ್, ಕೊನೆಯದಕ್ಕೆ ಬರೀ 10. ಬೆಳಿಗ್ಗೆ ಖಾರ, ಸಂಜೆ ಸಪ್ಪೆ. ಇದನ್ನು ಸಮಮಾಡುವ ಚಿಪ್ ಹಾಕಬಹುದು. ಆದರೆ ಅದು ಜಾಗ ತಿನ್ನುತ್ತದೆ, ಬೆಲೆ ಏರಿಸುತ್ತದೆ, ಬ್ಯಾಟರಿಯ ಶಕ್ತಿಯಲ್ಲಿ ತನ್ನದೊಂದಿಷ್ಟು ಪಾಲು ಕಿತ್ತುಕೊಳ್ಳುತ್ತದೆ.

ಮೋಡದಂಥ ಆವಿ ಬೇಕೆನ್ನುವವರು ರೋಧವನ್ನೇ ಇಳಿಸುತ್ತಾರೆ. 0.2 ಓಮ್ ಕಾಯಿಲ್, 18650 ಎಂಬ ಸೆಲ್ (18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ), ಅದರ ಒಳರೋಧ 0.02 ಓಮ್ ಎಂದಿಟ್ಟುಕೊಳ್ಳಿ. ಆಗ ಹರಿಯುವುದು 19 ಆಂಪಿಯರ್. ಕಾಯಿಲ್‌ನಲ್ಲಿ 73 ವ್ಯಾಟ್ ಬಿಸಿ ಹುಟ್ಟಿದರೆ, ಸೆಲ್‌ನ ಹೊಟ್ಟೆಯೊಳಗೇ 7 ವ್ಯಾಟ್. ಹೆಚ್ಚು ಹೊತ್ತು ಬಾಳುವ ಸೆಲ್ ಸಾಮಾನ್ಯವಾಗಿ ಇಷ್ಟು ರಭಸದ ವಿದ್ಯುತ್ ಕೊಡಲಾರದು. ರಭಸದಿಂದ ಕೊಡುವ ಸೆಲ್‌ನಲ್ಲಿ ತುಂಬಿಡಬಹುದಾದ ಶಕ್ತಿ ಕಡಿಮೆ. ಅಮೆರಿಕದ ಅಗ್ನಿಶಾಮಕ ಆಡಳಿತ 2017ರಲ್ಲಿ ಕೊಟ್ಟ ವರದಿ, 2009ರಿಂದ 2016ರವರೆಗೆ ಅಲ್ಲಿ ಇ-ಸಿಗರೇಟು ಸಿಡಿದ ಅಥವಾ ಹೊತ್ತಿಕೊಂಡ 195 ಪ್ರಕರಣಗಳನ್ನು ಪಟ್ಟಿಮಾಡಿತು. ಜೇಬಿನಲ್ಲಿ ಸಿಡಿದವೂ ಅದರಲ್ಲಿ ಬಹಳ ಇದ್ದವು.

ತಂತಿಯೇ ತಾಪಮಾಪಕ

2014ರಲ್ಲಿ ಇವಾಲ್ವ್ ಕಂಪನಿಯ ಡಿಎನ್‌ಎ 40 ಚಿಪ್ ಒಂದು ಜಾಣ ಉಪಾಯ ತಂದಿತು. ನಿಕಲ್ ತಂತಿ ಬಿಸಿಯಾದಂತೆ ಅದರ ರೋಧ ಏರುತ್ತದೆ, ಒಂದು ಡಿಗ್ರಿಗೆ ಸುಮಾರು ಶೇ 0.6ರಷ್ಟು. ರೋಧವನ್ನು ಅಳೆಯುತ್ತಿದ್ದರೆ ತಾಪವೂ ಗೊತ್ತಾಗುತ್ತದೆ. ಮಿತಿ ಮೀರುವ ಮುನ್ನ ವಿದ್ಯುತ್ತನ್ನು ತಗ್ಗಿಸಬಹುದು. ಬತ್ತಿ ಒಣಗಿದರೂ ಕರಕಾಗದು.

ಆದರೆ 0.15 ಓಮ್‌ನ ಕಾಯಿಲ್‌ನಲ್ಲಿ ಒಂದು ಡಿಗ್ರಿ ಎಂದರೆ ಒಂದು ಮಿಲಿಓಮ್‌ಗೂ ಕಡಿಮೆ ವ್ಯತ್ಯಾಸ. ಸ್ಕ್ರೂ ತುಸು ಸಡಿಲವಾಗಿ 9 ಮಿಲಿಓಮ್ ಸೇರಿಕೊಂಡರೆ ಲೆಕ್ಕ ಹತ್ತು ಡಿಗ್ರಿ ತಪ್ಪುತ್ತದೆ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಕಂಥಲ್ ತಂತಿ ಗಟ್ಟಿಮುಟ್ಟು, ಅಗ್ಗ. ಆದರೆ ಅದರ ರೋಧ ತಾಪಕ್ಕೆ ಅಲುಗುವುದೇ ಅಪರೂಪ, ಹಾಗಾಗಿ ಈ ಉಪಾಯಕ್ಕೆ ಒದಗದು. ಇನ್ನು, ಲೋಹ ಲೋಹದಷ್ಟಕ್ಕೇ ಉಳಿಯುವುದೂ ಇಲ್ಲ. ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಟಲಿಯ ದ್ರವಕ್ಕಿಂತ ಸಾಧನದ ಆವಿಯಲ್ಲಿ ನಿಕಲ್, ಕ್ರೋಮಿಯಂ, ಸೀಸದ ಪ್ರಮಾಣ ಬಹಳ ಹೆಚ್ಚಿತ್ತು.

ಬ್ಯಾಟರಿಯ ಭಾರ ರಸಾಯನದ ಹೆಗಲಿಗೆ

2015ರಲ್ಲಿ ಬಂದ ಜೂಲ್ ಎಂಬ ಇ-ಸಿಗರೇಟು ಈ ಗಂಟನ್ನು ಬೇರೆ ದಾರಿಯಿಂದ ಬಿಡಿಸಿತು. ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಬೆರೆಸಿ ಲವಣವಾಗಿಸಿದರೆ ಗಂಟಲು ಉರಿಯದು. ಶೇ 5ರಷ್ಟು ನಿಕೋಟಿನ್ ಇದ್ದರೂ ಸಲೀಸಾಗಿ ಒಳಗೆಳೆಯಬಹುದು. ಕಡಿಮೆ ಆವಿಯಲ್ಲೇ ಹೆಚ್ಚು ನಿಕೋಟಿನ್ ಸಿಕ್ಕ ಮೇಲೆ ದೊಡ್ಡ ಕಾಯಿಲ್, ದೊಡ್ಡ ಬ್ಯಾಟರಿ ಯಾಕೆ? ಸಾಧನ ಪೆನ್‌ಡ್ರೈವ್‌ನಷ್ಟು ಪುಟ್ಟದಾಯಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಸೊಗಸಾದ ಪರಿಹಾರ. ಅಮೆರಿಕದ ಹದಿಹರೆಯದವರಲ್ಲಿ ಚಟ ಹಬ್ಬಿಸಿದ್ದರಲ್ಲಿಯೂ ಈ ಸೊಗಸಿನ ಪಾಲು ದೊಡ್ಡದು.

ಬಳಸಿ ಬಿಸಾಡುವ ಮಾದರಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಕಾಯಿಲ್ ಕೆಡುವ ಮುನ್ನ, ಬತ್ತಿ ಹಳತಾಗುವ ಮುನ್ನ ಸಾಧನವನ್ನೇ ಎಸೆದರೆ ಬಾಳಿಕೆಯ ಚಿಂತೆಯೇ ಇಲ್ಲ. ಅವುಗಳೊಳಗಿನ ಸೆಲ್ ಮಾತ್ರ ಮರುಚಾರ್ಜ್ ಆಗಬಲ್ಲ ಲಿಥಿಯಂ-ಅಯಾನ್. ಅನೇಕವುಗಳಲ್ಲಿ ಚಾರ್ಜ್ ಮಾಡುವ ಕಿಂಡಿಯನ್ನಷ್ಟೇ ಇಟ್ಟಿರಲಿಲ್ಲ. ಇಂಥ ಸೆಲ್‌ಗಳನ್ನು ನೂರಾರು ಬಾರಿ ಮತ್ತೆ ಬಳಸಬಹುದೆಂದು ಬ್ರಿಟನ್ನಿನ ಸಂಶೋಧಕರು 2023ರಲ್ಲಿ ತೋರಿಸಿದರು. 2025ರ ಜೂನ್ 1ರಿಂದ ಅಲ್ಲಿ ಒಂದೇ ಬಾರಿ ಬಳಸುವ ಸಾಧನಗಳ ಮಾರಾಟ ನಿಂತಿದೆ.

ಶಕ್ತಿ ಏರಿಸಿದಾಗ ಬೆಲೆ ತೆತ್ತದ್ದು ಪುಪ್ಪುಸ, ರೋಧ ಇಳಿಸಿದಾಗ ಜೇಬು, ಗಾತ್ರ ಕುಗ್ಗಿಸಿದಾಗ ಮನಸ್ಸು, ಬಾಳಿಕೆ ಕೈಬಿಟ್ಟಾಗ ಕಸದ ರಾಶಿ. ಬೇರೆ ದೇಶಗಳು ಈ ಪಾಲುಪಟ್ಟಿಯನ್ನು ಮಾನದಂಡಗಳಿಂದ ಹತೋಟಿಯಲ್ಲಿಡಲು ನೋಡುತ್ತಿವೆ. ಭಾರತ ವ್ಯವಹಾರವನ್ನೇ ಮುಚ್ಚಿತು. ಆದರೂ ಕದ್ದುಮುಚ್ಚಿ ಬರುವ ಸಾಧನದಲ್ಲಿ ಯಾವ ಸೆಲ್ ಇದೆ, ಯಾವ ತಂತಿ ಇದೆ, ಬಿಸಿ ಎಲ್ಲಿ ನಿಲ್ಲುತ್ತದೆ ಎಂದು ಪರಿಶೀಲಿಸಿ ಮೊಹರು ಹಾಕುವವರಿಲ್ಲ. ವಿನ್ಯಾಸಕಾರ ಎಲ್ಲೋ ಕುಳಿತು ಮಾಡಿಕೊಂಡ ಅಷ್ಟೂ ರಾಜಿಗಳನ್ನು ಅಂಥದ್ದನ್ನು ಕೊಂಡವನು ಕಣ್ಣುಮುಚ್ಚಿ ಒಳಗೆಳೆದುಕೊಳ್ಳುತ್ತಾನೆ.