ಸೌಂದರ್ಯವರ್ಧಕಗಳಲ್ಲಿ ಪಾದರಸ: ಕಣ್ಣಿಗೊಂದು ನಿಯಮ, ಮುಖಕ್ಕೊಂದು ನಿಯಮ

ಪಾದರಸ ವಿಷವೆಂಬುದು ತಮಗೆಲ್ಲ ತಿಳಿದ ವಿಷಯ. ಆದರೂ ಕಣ್ಣಿಗೆ ಹಚ್ಚುವ ಕೆಲವು ಸಾಮಗ್ರಿಗಳಲ್ಲಿ ಅದನ್ನು ಬಹುಕಾಲ ಬಳಸಿದ್ದುಂಟು. ಏಕೆ? ಮಸ್ಕಾರ, ಐಲೈನರ್‌ಗಳ ಕಡ್ಡಿ ರೆಪ್ಪೆಗೆ ತಾಗಿ ಮತ್ತೆ ಡಬ್ಬಿಯೊಳಗೇ ಹೋಗುತ್ತದೆ. ಜೊತೆಗೆ ರೋಗಾಣುಗಳೂ ಹೋಗುತ್ತವೆ. ಸ್ಯೂಡೋಮೊನಾಸ್ ಎಂಬ ರೋಗಾಣು ಗೀರು ಬಿದ್ದ ಕಣ್ಣಿಗೆ ಸೇರಿದರೆ ಕಾರ್ನಿಯಾದಲ್ಲಿ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಇದನ್ನು ತಡೆಯಲು ಥಯೋಮರ್ಸಾಲ್, ಫಿನೈಲ್ ಮರ್ಕ್ಯುರಿಕ್ ಅಸಿಟೇಟ್‌ನಂತಹ ಪಾದರಸದ ಸಂರಕ್ಷಕಗಳನ್ನು ಬೆರೆಸುತ್ತಿದ್ದರು.

ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳು ಇದಕ್ಕೆ ಮಿತಿ ಹಾಕಿದವು. ಕಣ್ಣಿನ ಭಾಗಕ್ಕೆ ಮಾತ್ರ ಬಳಸುವ ವಸ್ತುವಿನಲ್ಲಿ ಸಂರಕ್ಷಕವಾಗಿ ಕಿಲೋಗೆ 70 ಮಿಲಿಗ್ರಾಂವರೆಗೆ ಪಾದರಸವಿರಬಹುದು. ಉಳಿದ ಯಾವುದರಲ್ಲೂ ಬೇಕೆಂದು ಸೇರಿಸುವಂತಿಲ್ಲ; ಅರಿವಿಲ್ಲದೆ ಬೆರೆತದ್ದೂ ಕಿಲೋಗೆ 1 ಮಿಲಿಗ್ರಾಂ ಮೀರಬಾರದು. ಭಾರತವೂ ಸೇರಿರುವ ಮಿನಮಾಟಾ ಒಪ್ಪಂದದ 2023ರ ಸಭೆ ಕಣ್ಣಿನ ವಿನಾಯಿತಿಯನ್ನೂ ತೆಗೆದು, ಪಾದರಸ ಸೇರಿಸಿದ ಎಲ್ಲ ಸೌಂದರ್ಯವರ್ಧಕಗಳ ತಯಾರಿಕೆ, ಆಮದು, ರಫ್ತುಗಳಿಗೆ 2025ನ್ನು ಕೊನೆಯ ಗಡುವಾಗಿ ಗೊತ್ತುಮಾಡಿತು.

(ಕೆಲವು ಲಸಿಕೆಗಳಲ್ಲೂ ಥಯೋಮರ್ಸಾಲ್ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಅದು ದೇಹದಿಂದ ಬೇಗ ಹೊರಹೋಗುತ್ತದೆ. ಆ ಭಯಕ್ಕೆ ಮಗುವಿನ ಲಸಿಕೆ ತಪ್ಪಿಸಬೇಡಿ.)

ನಿಜವಾದ ಅಪಾಯವಿರುವುದು ಮುಖ ಬೆಳ್ಳಗೆ ಮಾಡುವ ಕಳ್ಳ ಕ್ರೀಮುಗಳಲ್ಲಿ. ಅವುಗಳಲ್ಲಿ ಪಾದರಸ ಹಾಕುವುದು ಕೆಡದಿರಲೆಂದಲ್ಲ, ಚರ್ಮದ ಬಣ್ಣ ತಯಾರಾಗುವುದನ್ನೇ ತಡೆಯಲೆಂದು. ಕೇರಳದ ಕೋಟ್ಟಕ್ಕಲ್‌ನಲ್ಲಿ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ನೋಡಿದರು. 15 ಜನರಲ್ಲಿ ಆ ಕಾಯಿಲೆಯ ಅಪರೂಪದ ಬಗೆಯೊಂದು ಕಂಡಿತು. ಅವರಲ್ಲಿ 13 ಮಂದಿ ಇಂತಹ ಕ್ರೀಮು ಹಚ್ಚುತ್ತಿದ್ದವರು! ಹಚ್ಚುವುದನ್ನು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಡಬ್ಬಿಯ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬೆರೆಸಿದ ವಸ್ತುಗಳ ವಿವರ ಇಲ್ಲದಿದ್ದರೆ ಕೊಳ್ಳಬೇಡಿ. ‘ಕ್ಯಾಲೊಮೆಲ್’, ‘ಮರ್ಕ್ಯುರಿಕ್’ ಎಂಬ ಹೆಸರುಗಳಿದ್ದರೂ ಬೇಡ. ‘ಚಿನ್ನ, ಬೆಳ್ಳಿ ಆಭರಣಕ್ಕೆ ತಾಗಿಸಬೇಡಿ’ ಎಂದು ಬರೆದಿದ್ದರಂತೂ ಪಾದರಸದ ಸಂಶಯವೇ ಸರಿ. ಬಳೆಗೆ ಆಗದ್ದು ಕೆನ್ನೆಗೆ ಆದೀತೇ? ಹಚ್ಚಿದವರ ಕೈ, ಟವೆಲುಗಳಿಂದ ಅದು ಮನೆಯ ಮಕ್ಕಳಿಗೂ ತಗಲುತ್ತದೆ.

ಈಗಾಗಲೇ ಹಚ್ಚುತ್ತಿರುವವರು ಇಂದೇ ನಿಲ್ಲಿಸಿ. ಬೆಳಿಗ್ಗೆ ಮುಖ ಊದುವುದು, ಕಾಲು ಬಾವು, ನೊರೆಯುಕ್ತ ಮೂತ್ರ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಿ. ಬರುವಾಗ ಆ ಡಬ್ಬಿಯನ್ನೂ ತನ್ನಿ. ಸಂಕೋಚ ಬೇಡ; ಏನು ಹಚ್ಚಿದಿರೆಂದು ತಿಳಿಯದೆ ಕಾರಣ ಹುಡುಕುವುದು ವೈದ್ಯರಿಗೂ ಕಷ್ಟ.