‘ಸೂಪರ್’ ಅಂದ್ರೆ ಸಾಲದು

ಮಕ್ಕಳೇ, ನೀವು ತೆಗೆದ ಅಜ್ಜಿಯ ಫೋಟೋಗೆ ಮನೆಯವರೆಲ್ಲ "ಸೂಪರ್" ಅಂತಾರೆ. ಅಷ್ಟರಿಂದ ಮುಂದಿನ ಫೋಟೋ ಚೆನ್ನಾಗಿ ಬರಲ್ಲ. ನಮ್ಮ ಆಫೀಸಿನಲ್ಲಿ ಒಬ್ಬರ ಕೋಡನ್ನು ಇನ್ನೊಬ್ಬರು ಓದಿ ತಪ್ಪು ಹೇಳಿದ ಮೇಲೇ ಅದು ಮುಂದಕ್ಕೆ ಹೋಗೋದು. ಫೋಟೋಗೂ ಅದೇ ಬೇಕು.

ಡಿಸೆಂಬರ್‌ನಲ್ಲಿ ಫ್ಲೆಮಿಂಗ್ಸ್‌ಬೆರ್ಯ್‌ನ ನಮ್ಮ ಕಿಟಕಿ ಪಕ್ಕ ಅಮ್ಮನನ್ನು ಕೂರಿಸಿ 40 ಫೋಟೋ ತೆಗೆದೆ. ಮಧ್ಯಾಹ್ನ 3ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನಲ್ಲ, ಬರೀ ಗಡಿಬಿಡಿ. ಫೋಟೋ ಗೊತ್ತಿರೋ ಗೆಳೆಯನಿಗೆ 3 ಮಾತ್ರ ಕಳಿಸಿ, "ಇದು ಅಮ್ಮನ ಹಾಗೆ ಕಾಣ್ತಿಲ್ಲ, ಯಾಕೆ?" ಅಂದೆ. "ಹೇಗಿದೆ?" ಅಂತ ಕೇಳಿದ್ರೆ "ಚೆನ್ನಾಗಿದೆ" ಅಂತಷ್ಟೇ ಬರುತ್ತೆ. ಅವನು ಹೇಳಿದ: ಫೋನ್ ತೀರಾ ಹತ್ತಿರ ಹಿಡಿದಿದ್ದೀಯ, ಅದಕ್ಕೇ ಮೂಗು ದೊಡ್ಡದು, ಕಿವಿ ಚಿಕ್ಕದು. 2 ಮೀಟರ್ ಹಿಂದೆ ಸರಿದು ಜೂಮ್ ಮಾಡು. ತಲೆ ಮೇಲಿನ ದೀಪ ಆರಿಸು, ಕಣ್ಣಿನ ಕೆಳಗೆ ನೆರಳು ಬೀಳ್ತಿದೆ. ಕಿಟಕಿಯ ಬೆಳಕು ಕಣ್ಣೊಳಗೆ ಚುಕ್ಕೆಯಾಗಿ ಕಾಣಬೇಕು.

(ಸ್ವಲ್ಪ ಸಿಟ್ಟು ಬಂತು, ನಿಜ.)

ಕನ್ನಡ ಲೇಖಕರ ಭಾವಚಿತ್ರಗಳಿಗೆ ಹೆಸರಾದ ಎ. ಎನ್. ಮುಕುಂದ ಅವರ ಚಿತ್ರ ಸಿಕ್ಕರೆ, ಬೆಳಕು ಯಾವ ಕಡೆಯಿಂದ ಬಂದಿದೆ ಅಂತ ಹುಡುಕಿ ನೋಡಿ.

ಆದ್ರೆ ದೊಡ್ಡ ತಪ್ಪು ಹಿಡಿದದ್ದು ಅಮ್ಮ. "ನನ್ನ ಮುಖ ಕಣೋ. ಊರಿಗೆಲ್ಲ ಕಳಿಸೋ ಮುಂಚೆ ನನಗೆ ತೋರಿಸಬಾರದಿತ್ತಾ?" ಮರುದಿನ ಮತ್ತೆ ತೆಗೆದು, ಮೊದಲು ಅವರಿಗೇ ಕೊಟ್ಟೆ. ನಾನು ಅಳಿಸಬೇಕು ಅಂದುಕೊಂಡಿದ್ದನ್ನೇ ಆರಿಸಿದರು: ಕನ್ನಡಕ ಒರೆಸುತ್ತಾ ನಗ್ತಿರೋದು. ಈಗ ಅದು ಮೈಸೂರಿನ ಮನೆಯ ಗೋಡೆ ಮೇಲಿದೆ.