ಹೊಟೇಲಿನ ಕಲಗಚ್ಚಿನಲ್ಲಿ ಕರೆಂಟು: ಕೋಶ ಪೋಣಿಸಿದರಷ್ಟೇ ಸಾಲದು

ಪುಣೆ: ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಪುಣೆಯ ಯಾವುದೇ ಉಡುಪಿ ಹೊಟೇಲಿನ ಹಿಂಬದಿಗೆ ಹೋಗಿ ನಿಂತರೂ ಕಾಣುವ ದೃಶ್ಯ ಒಂದೇ. ಮರುದಿನದ ಇಡ್ಲಿ, ದೋಸೆಗೆಂದು ಅಕ್ಕಿ, ಉದ್ದು ತೊಳೆದ ಬಿಳಿನೀರು ಬಕೆಟ್‌ಗಟ್ಟಲೆ ಮೋರಿ ಸೇರುತ್ತಿರುತ್ತದೆ. ಊರಿನಲ್ಲಾದರೆ ಇದು ಕಲಗಚ್ಚು, ಹಟ್ಟಿಯ ದನದ ಪಾಲು. ಇಲ್ಲಿ ಗಟಾರದ ಪಾಲು.

ಗಟಾರ ಸೇರಿದ ನೀರು ಅಲ್ಲಿಗೇ ನಿಲ್ಲುವುದಿಲ್ಲ. ಮುಠಾ ನದಿ ಸಂಗಮದಲ್ಲಿ ಮುಳಾ ನದಿಯನ್ನು ಕೂಡಿ, ಮುಂದೆ ಭೀಮೆಗೆ ಸೇರಿ, ಉಜನಿ ಜಲಾಶಯ ದಾಟಿ ಕರ್ನಾಟಕದತ್ತ ಹರಿಯುತ್ತದೆ. ಇಂಡಿ, ಅಫಜಲಪುರ ಕಡೆಯಿಂದ ದುಡಿಯಲು ಪುಣೆಗೆ ಬಂದ ಕನ್ನಡಿಗರ ಹೊಲಗಳಿಗೆ ಇದೇ ಭೀಮೆ ಆಧಾರ. ದೇವಲ ಗಾಣಗಾಪುರದಲ್ಲಿ ಭಕ್ತರು ಮುಳುಗೇಳುವುದೂ ಇದೇ ನದಿಯಲ್ಲಿ. ನಡುವೆ ನೂರಾರು ಕಿಲೋಮೀಟರ್ ಇದೆ, ನದಿ ತಕ್ಕಮಟ್ಟಿಗೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂಬುದೂ ನಿಜ. ಆದರೂ ಇಲ್ಲಿ ಚೆಲ್ಲಿದ್ದು ನಮ್ಮವರ ಊರಿನ ದಿಕ್ಕಿಗೇ ಹೊರಟಿರುತ್ತದೆ ಎಂಬುದು ಗಮನಾರ್ಹ.

ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ವಿದ್ಯುತ್ತಿನ ದೊಡ್ಡ ಪಾಲು ನೀರಿಗೆ ಗಾಳಿ ಊದುವುದಕ್ಕೇ ಖರ್ಚಾಗುತ್ತದೆ. ಗಾಳಿ ಊದದೆ ನೀರು ತಿಳಿಯಾಗಿ, ಮೇಲಿಂದ ಒಂದಿಷ್ಟು ಕರೆಂಟೂ ಸಿಗುವಂತಿದ್ದರೆ? ಸೂಕ್ಷ್ಮಜೀವಿ ಇಂಧನ ಕೋಶದ ಹಿಂದಿರುವ ಆಸೆ ಇದೇ.

ಹಿಟ್ಟು ಹುದುಗುವುದನ್ನು ಬಲ್ಲ ಹೊಟೇಲ್ ಬಂಧುಗಳಿಗೆ ಇದು ಹೊಸ ವಿಷಯವೇನಲ್ಲ. ಕಣ್ಣಿಗೆ ಕಾಣದ ಜೀವಿಗಳು ಹಿಟ್ಟು, ಸಕ್ಕರೆಯಂಥ ಅಂಶಗಳನ್ನು ತಿನ್ನುವಾಗ ಎಲೆಕ್ಟ್ರಾನುಗಳನ್ನು ಹೊರಗೆ ದಾಟಿಸಬೇಕಾಗುತ್ತದೆ. ಗಾಳಿಯಾಡದ ಪಾತ್ರೆಯಲ್ಲಿ ಇಂಗಾಲದ ಪಟ್ಟಿಯೊಂದನ್ನು ಇಟ್ಟರೆ ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಅವನ್ನು ಆ ಪಟ್ಟಿಗೇ ಒಪ್ಪಿಸುತ್ತವೆ. ಅಲ್ಲಿಂದ ತಂತಿಯ ಮೂಲಕ ಗಾಳಿ ತಾಗುವ ಇನ್ನೊಂದು ಪಟ್ಟಿಗೆ ಹರಿಯುವುದೇ ವಿದ್ಯುತ್. ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದ ಎಂ.ಸಿ. ಪಾಟರ್ ಇದನ್ನು 1911ರಲ್ಲೇ ತೋರಿಸಿದ್ದರು. ಪುಣೆಯ ಡಿಸೆಂಬರ್ ಚಳಿಗೆ ಹಿಟ್ಟು ಉಬ್ಬದೆ ಸತಾಯಿಸುವಂತೆ ಈ ಕೋಶವೂ ಚಳಿಗೆ ಮಂಕಾಗುತ್ತದೆ.

ತೊಡಕಿರುವುದು ಪ್ರಮಾಣದಲ್ಲಿ. ಕೆಲಸಕ್ಕೆ ಹಚ್ಚಿದ ಒಂದು ಕೋಶ ಅರ್ಧ ವೋಲ್ಟ್ ಕೊಟ್ಟರೆ ಹೆಚ್ಚು. ಮೊಬೈಲ್ ಚಾರ್ಜರಿಗೆ ಐದು ವೋಲ್ಟ್ ಬೇಕು. ಪಾತ್ರೆ ದೊಡ್ಡದು ಮಾಡಿದರೆ ವೋಲ್ಟೇಜ್ ಏರುವುದಿಲ್ಲ, ಬದಲಿಗೆ ಒಳಗಿನ ತಡೆ ಏರುತ್ತದೆ. ಹಾಗಾಗಿ ಸಣ್ಣ ಸಣ್ಣ ಕೋಶಗಳನ್ನು ಟಾರ್ಚಿನ ಸೆಲ್ಲುಗಳಂತೆ ಸಾಲಾಗಿ ಪೋಣಿಸುವುದು ರೂಢಿ. ಅಮೆರಿಕದ ಬಾರ್ನೆಟ್ ಕೋಹೆನ್ 1931ರಲ್ಲಿ ಹೀಗೆ ಪೋಣಿಸಿ 35 ವೋಲ್ಟ್ ಪಡೆದರು. ಆದರೆ ಹರಿದ ವಿದ್ಯುತ್ ಬರೇ 2 ಮಿಲಿಆಂಪಿಯರ್! ಗುಣಿಸಿ ನೋಡಿದರೆ ಒಂದು ವಾಟ್‌ನ ಹತ್ತನೇ ಒಂದು ಪಾಲೂ ಇಲ್ಲ.

ಸಾಲಿನಲ್ಲಿ ಒಂದು ಕೋಶಕ್ಕೆ ಆಹಾರ ಕಡಿಮೆಯಾಯಿತೆನ್ನಿ. ಉಳಿದವು ತಮ್ಮ ವಿದ್ಯುತ್ತನ್ನು ಅದರ ಮೂಲಕವೇ ನೂಕುತ್ತವೆ, ಆಗ ಆ ಕೋಶದ ಧನ, ಋಣ ತುದಿಗಳೇ ಅದಲುಬದಲಾಗುತ್ತವೆ. ಕೊಡಬೇಕಾದ ಕೋಶ ತಿನ್ನತೊಡಗುತ್ತದೆ. ಎಲ್ಲಕ್ಕೂ ಒಂದೇ ಕೊಳವೆಯಿಂದ ನೀರುಣಿಸಿದರೆ ಆ ನೀರಿನ ಮೂಲಕವೇ ಕರೆಂಟು ಸೋರುವುದು ಇನ್ನೊಂದು ಕಾಟ. ಪಕ್ಕಪಕ್ಕ, ಅಂದರೆ ಸಮಾಂತರವಾಗಿ ಜೋಡಿಸಿದರೆ ತುದಿ ತಿರುಗುವ ಭಯವಿಲ್ಲ, ಆದರೆ ವೋಲ್ಟೇಜ್ ಅರ್ಧದ ಆಸುಪಾಸಿನಲ್ಲೇ ಉಳಿಯುತ್ತದೆ. ಆದ್ದರಿಂದ ಕೆಲವರು ಸಮಾಂತರವಾಗಿ ಕೆಪಾಸಿಟರುಗಳನ್ನು ತುಂಬಿಸಿ, ಬಳಿಕ ಅವನ್ನು ಸಾಲಾಗಿ ಖಾಲಿ ಮಾಡುವ ಉಪಾಯ ಹಿಡಿದಿದ್ದಾರೆ.

ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ತಂಡ 2006ರಲ್ಲಿ ಆರು ಕೋಶಗಳನ್ನು ಎರಡೂ ರೀತಿಯಲ್ಲಿ ಜೋಡಿಸಿ ಅಳೆಯಿತು. ಸಾಲಾಗಿ ಕಟ್ಟಿದಾಗ 2.02 ವೋಲ್ಟ್, ಘನ ಮೀಟರಿಗೆ 228 ವಾಟ್. ಸಮಾಂತರದಲ್ಲಿ 248 ವಾಟ್. ಜೋಡಣೆ ಬದಲಾದರೂ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ನಿಜವಾದ ಏರಿಕೆ ಬಂದದ್ದು ಬೇರೆಡೆಯಿಂದ. ದಿನ ಕಳೆದಂತೆ ಕೋಶದೊಳಗಿನ ಬ್ಯಾಕ್ಟೀರಿಯಾಗಳ ಸಮುದಾಯವೇ ಬದಲಾಗಿ, ಒಂದೊಂದು ಕೋಶದ ಶಕ್ತಿ 73ರಿಂದ 275 ವಾಟ್‌ಗೆ ಏರಿತ್ತು. ತಂತಿ ಕಟ್ಟುವವನ ಜಾಣತನಕ್ಕಿಂತ ತಿನ್ನುವ ಜೀವಿಗಳ ಹೊಂದಾಣಿಕೆಯೇ ದೊಡ್ಡದಾಯಿತು.

ಇವು ಪ್ರಯೋಗಾಲಯದ ಪುಟ್ಟ ಕೋಶಗಳ ಅಂಕಿಗಳು. ನಿಜದ ಕೊಳಚೆಯ ಲೆಕ್ಕ ಬೇರೆ. ಖರಗಪುರದ ಐಐಟಿಯಲ್ಲಿ ಮಕರಂದ ಘಾಂಗ್ರೇಕರ್ ಅವರ ತಂಡ ಅಕ್ಕಿ ಗಿರಣಿಯ ತ್ಯಾಜ್ಯ ನೀರನ್ನೇ ಬಳಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮವರಿಗೆ ಹೆಚ್ಚು ಹತ್ತಿರದ್ದು. ದುಬಾರಿ ಪ್ಲಾಸ್ಟಿಕ್ ಪೊರೆಯ ಬದಲು ಮಣ್ಣಿನ ಮಡಕೆಯ ಗೋಡೆಯನ್ನೇ ಅವರು ಬಳಸಿದರು. ಮಡಕೆಯ ಕೋಶ ಪೊರೆಯದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಶಕ್ತಿ ಕೊಟ್ಟಿತು, ನೀರಿನ ಕಶ್ಮಲದ ಬಹುಪಾಲನ್ನೂ ಕಳೆಯಿತು. ಆದರೆ ಆ ನಾಲ್ಕು ಪಟ್ಟು ಎಂದರೂ ಘನ ಮೀಟರಿಗೆ 2.3 ವಾಟ್. ಸಾವಿರ ಲೀಟರ್ ಟಾಂಕಿಗೆ ಒಂದು ಪುಟ್ಟ ಎಲ್‌ಇಡಿ ದೀಪ.

ಗಲ್ಲಾದಲ್ಲಿ ಕುಳಿತ ಹೊಟೇಲ್ ಮಾಲಕರು ಇದನ್ನು ಕೇಳಿ ನಕ್ಕರೆ ತಪ್ಪಿಲ್ಲ. ಗ್ರೈಂಡರ್ ತಿರುಗಿಸುವ ಮಾತು ಬಿಡಿ, ವಿದ್ಯುತ್ ಬಿಲ್ಲಿನಲ್ಲಿ ಒಂದು ರೂಪಾಯಿ ಇಳಿದದ್ದೂ ಗೊತ್ತಾಗಲಿಕ್ಕಿಲ್ಲ. ಉಳಿದ ಅನ್ನ, ತರಕಾರಿ ಸಿಪ್ಪೆಯಂಥ ಗಟ್ಟಿ ಕಸಕ್ಕೆ ಇಂದಿಗೂ ಗೋಬರ್ ಗ್ಯಾಸ್ ಮಾದರಿಯೇ ಲೇಸು. ಅಡುಗೆಮನೆಯ ಕಸದಿಂದ ಅನಿಲ ತೆಗೆಯುವ ಪುಟ್ಟ ಸ್ಥಾವರ ರೂಪಿಸಿದ ಪುಣೆಯದೇ ಸಂಸ್ಥೆ ‘ಆರ್ತಿ’ಗೆ 2006ರಲ್ಲಿ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಬಂದದ್ದು ಇಲ್ಲಿ ಉಲ್ಲೇಖನೀಯ. ಆ ಸ್ಥಾವರಕ್ಕೆ ತೀರಾ ತೆಳುವೆನಿಸುವ ತೊಳೆದ ನೀರು, ಸ್ಥಾವರದಿಂದಲೇ ಹೊರಬರುವ ರಾಡಿ ನೀರು, ಇವೇ ಸೂಕ್ಷ್ಮಜೀವಿ ಕೋಶದ ಪಾಲಿಗೆ ಒಗ್ಗುವ ಆಹಾರ. ಅಲ್ಲಿ ಲಾಭವೆಂದರೆ ಕರೆಂಟಲ್ಲ, ಗಾಳಿ ಊದುವ ಖರ್ಚಿಲ್ಲದೆ ತಿಳಿಯಾದ ನೀರು. ಸಿಕ್ಕಿದ ಎರಡು ವಾಟ್ ಹಿಂಬದಿಯ ಮೋರಿಯ ಹತ್ತಿರ ಒಂದು ದೀಪ ಉರಿಸಲು ಸಾಕು.